ಬ್ಯಾಂಕಾಕಿನ ಆರ್ಕಿಡ್ ಗಿಡವನ್ನು ಬ್ಯಾಗಿನಲ್ಲಿ ತರಬಹುದೇ? ಮಲೆನಾಡಿನಲ್ಲಿ ಉಳಿಯುತ್ತದೆಯೇ?

ಪ್ರಶ್ನೆ: ಥಾಯ್ಲೆಂಡ್ ಪ್ರವಾಸಕ್ಕೆ ಹೊರಟಿದ್ದೇವೆ. ಅಲ್ಲಿ ಆರ್ಕಿಡ್ ಗಿಡ ಬಹಳ ಅಗ್ಗವಂತೆ. ಬೇರು ತೊಳೆದು, ಕಾಗದದಲ್ಲಿ ಸುತ್ತಿ, ಬಟ್ಟೆಗಳ ನಡುವೆ ಇಟ್ಟು ತರಬಹುದೇ? ನಮ್ಮ ಮನೆ ತೀರ್ಥಹಳ್ಳಿ ಹತ್ತಿರ, ಸುತ್ತ ಅಡಿಕೆ ತೋಟ. ಇಲ್ಲಿನ ಮಳೆಗೆ ಅವು ತಡೆಯುತ್ತವೆಯೇ?

ಹಾಗೆ ತರುವಂತಿಲ್ಲ. ಬೇರು ಎಷ್ಟೇ ತೊಳೆದಿರಲಿ, ಗಿಡ ಒಂದೇ ಇರಲಿ, ಸ್ವಂತ ಮನೆಗೇ ಇರಲಿ, ಉತ್ತರ ಬದಲಾಗುವುದಿಲ್ಲ. ಕಾಗದಪತ್ರ ಮಾಡಿಸಿ ತರುವ ದಾರಿ ಇದೆ. ಆದರೆ ಎರಡು ಕುಂಡದ ಆಸೆಗೆ ಆ ದಾರಿ ಹಿಡಿದರೆ ಗಿಡದ ಬೆಲೆಗಿಂತ ಓಡಾಟದ ಖರ್ಚೇ ಹೆಚ್ಚು. ಮಳೆಯ ಪ್ರಶ್ನೆಗೆ ಉತ್ತರ ಮಾತ್ರ ಸಂತೋಷದ್ದು: ಸರಿಯಾದ ಜಾತಿ ಆರಿಸಿ, ತಲೆಯ ಮೇಲೊಂದು ಸೂರು ಕೊಟ್ಟರೆ ಮಲೆನಾಡಿನಲ್ಲಿ ಆರ್ಕಿಡ್ ಚೆನ್ನಾಗಿಯೇ ಬರುತ್ತದೆ.

ಗೊಂದಲವಾಗುವುದು ಇಲ್ಲಿ ಎರಡು ಬೇರೆ ಬೇರೆ ಕಾನೂನು ಇರುವುದರಿಂದ. ಒಂದು ಸೈಟಿಸ್ ಒಪ್ಪಂದ. ಅಳಿವಿನ ಭಯವಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಈ ಒಪ್ಪಂದಕ್ಕೆ ಭಾರತ 1976ರಲ್ಲಿ ಸೇರಿತು. ಆರ್ಕಿಡ್ ಕುಟುಂಬ ಇಡಿಯಾಗಿ ಅದರ ಪಟ್ಟಿಯಲ್ಲಿದೆ. ಹೆಚ್ಚಿನವು ಎರಡನೇ ಅನುಬಂಧದಲ್ಲಿ, ಚಪ್ಪಲಿ ಆಕಾರದ ಹೂವಿನ ಪ್ಯಾಫಿಯೊಪೆಡಿಲಮ್‌ನಂಥವು ಇನ್ನೂ ಬಿಗಿಯಾದ ಒಂದನೇ ಅನುಬಂಧದಲ್ಲಿ. ನರ್ಸರಿಯಲ್ಲೇ ಹುಟ್ಟಿದ ಗಿಡಕ್ಕೂ ಆ ದೇಶದ ರಫ್ತು ಪರವಾನಗಿ ಬೇಕು. 2022ರ ತಿದ್ದುಪಡಿಯ ಮೂಲಕ ಈ ನಿಯಮಗಳು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೂ ಬಂದಿವೆ.

ಎರಡನೆಯದು 2003ರ ಸಸ್ಯ ಕ್ವಾರಂಟೈನ್ ಆದೇಶ. ಇದಕ್ಕೆ ಗಿಡ ಅಪರೂಪದ್ದೋ ಸಾಮಾನ್ಯವೋ ಎಂಬುದು ಮುಖ್ಯವಲ್ಲ. ಅದರ ಜೊತೆ ಯಾವ ಕೀಟ, ಯಾವ ರೋಗ ಬರುತ್ತದೆ ಎಂಬುದೇ ಮುಖ್ಯ. ಬಾಟಲಿಯೊಳಗಿನ ಪುಟ್ಟ ಸಸಿ ಕೊಂಡವರು ಎಡವುವುದೂ ಇಲ್ಲೇ. ಗಾಜಿನ ಬಾಟಲಿಯಲ್ಲಿ ಜೆಲ್ಲಿಯ ಮೇಲೆ ಬೆಳೆಸಿದ ಸಸಿಗಳಿಗೆ ಸೈಟಿಸ್‌ನಲ್ಲಿ ವಿನಾಯಿತಿ ಇದೆ. ಅಂಗಡಿಯವರು ‘ಪೇಪರ್ ಬೇಡ’ ಎನ್ನುವುದು ಆ ಅರ್ಥದಲ್ಲಿ. ಆ ವಿನಾಯಿತಿ ಕ್ವಾರಂಟೈನ್ ಆದೇಶಕ್ಕೆ ಅನ್ವಯಿಸುವುದಿಲ್ಲ.

ಕ್ರಮಬದ್ಧವಾಗಿ ತರುವುದಾದರೆ ಕೆಲಸ ಶುರುವಾಗುವುದು ಪ್ರವಾಸಕ್ಕೆ ಮುಂಚೆ, ಇಲ್ಲೇ. ಮೊದಲು ಭಾರತದ ಆಮದು ಪರವಾನಗಿ ಪಡೆಯಬೇಕು. ಗಿಡದ ಸಸ್ಯಶಾಸ್ತ್ರೀಯ ಹೆಸರು, ಬರುವ ದೇಶ, ಇಳಿಯುವ ನಿಲ್ದಾಣ ಅದರಲ್ಲಿರುತ್ತವೆ. ನೆಡುವ ಗಿಡವನ್ನು ಎಲ್ಲ ನಿಲ್ದಾಣಗಳಲ್ಲೂ ಇಳಿಸಲಾಗುವುದಿಲ್ಲ. ಪರವಾನಗಿಯ ಪ್ರತಿಯನ್ನು ಅಲ್ಲಿನ ನರ್ಸರಿಗೆ ಕೊಟ್ಟರೆ, ಅದನ್ನು ನೋಡಿ ಅವರು ತಮ್ಮ ಸರ್ಕಾರದಿಂದ ಫೈಟೊಸ್ಯಾನಿಟರಿ ಸರ್ಟಿಫಿಕೇಟ್, ಅಂದರೆ ಗಿಡದ ಆರೋಗ್ಯ ಪ್ರಮಾಣಪತ್ರ ಮಾಡಿಸುತ್ತಾರೆ. ಜೊತೆಗೆ ಸೈಟಿಸ್ ಪರವಾನಗಿ. ಇಲ್ಲಿ ಇಳಿದ ಮೇಲೆ ಕಸ್ಟಮ್ಸ್‌ನಲ್ಲಿ ಘೋಷಣೆ, ಕ್ವಾರಂಟೈನ್ ಅಧಿಕಾರಿಗಳ ತಪಾಸಣೆ. ಅಲ್ಲಿಗೂ ಮುಗಿಯುವುದಿಲ್ಲ. ನೆಡಲು ತಂದ ಗಿಡವನ್ನು ಆಮದುದಾರರೇ, ಮೊದಲೇ ಒಪ್ಪಿಗೆ ಪಡೆದ ಪ್ರತ್ಯೇಕ ಜಾಗದಲ್ಲಿ, ನಿಗಾದಲ್ಲಿ ಬೆಳೆಸಿ ತೋರಿಸಬೇಕಾಗುತ್ತದೆ. ಮನೆಯ ಜಗಲಿ ಅದಕ್ಕೆ ಒಪ್ಪಿತವಾಗುವುದಿಲ್ಲ. ಸಾವಿರ ಗಿಡ ತರಿಸುವ ನರ್ಸರಿಗೆ ಇದು ಸರಿ, ಎರಡು ಗಿಡಕ್ಕಲ್ಲ.

ಕಾಗದ ಇದ್ದೂ ಗಿಡ ಕಳೆದುಕೊಳ್ಳುವುದಕ್ಕೆ ಕಾರಣಗಳು ಸಣ್ಣವು. ಪರವಾನಗಿಯಲ್ಲಿ ಡೆಂಡ್ರೋಬಿಯಮ್ ಎಂದು ಆರ್ಕಿಡ್‌ನ ನಿರ್ದಿಷ್ಟ ಬಗೆಯ ಹೆಸರಿದ್ದು ಪ್ರಮಾಣಪತ್ರದಲ್ಲಿ ಬರೀ ಆರ್ಕಿಡ್ ಎಂದಿರುವುದು, ಪರವಾನಗಿ ಕೇಳಿದ ಹೆಚ್ಚುವರಿ ಘೋಷಣೆಯ (ಇಂಥ ಕೀಟ, ರೋಗ ಇಲ್ಲವೆಂಬ) ಸಾಲು ಪ್ರಮಾಣಪತ್ರದಲ್ಲಿ ಬಿಟ್ಟುಹೋಗಿರುವುದು, ಬೇರಿನ ಸಂದಿಯಲ್ಲಿ ಮಣ್ಣೋ ಹಳೆಯ ಗೊಬ್ಬರವೋ ಉಳಿದಿರುವುದು. ಗಿಡದ ಜೊತೆ ಮಣ್ಣು ಬರುವಂತೆಯೇ ಇಲ್ಲ. ಕೊರಿಯರ್‌ನಲ್ಲಿ ತರಿಸಿದರೂ ಇದೇ ಕಾನೂನು. ವಿಮಾನ ನಿಲ್ದಾಣದ ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿರುವುದು ಸಾಮಾನ್ಯವಾಗಿ ಕತ್ತರಿಸಿದ ಹೂವು. ಅದರ ನಿಯಮ ಬೇರೆ, ಆದರೂ ಘೋಷಿಸಲೇಬೇಕು.

‘ಎಷ್ಟೋ ಜನ ತಂದಿದ್ದಾರೆ, ಯಾರೂ ಹಿಡಿಯಲಿಲ್ಲ’ ಎಂಬ ಮಾತು ಇದ್ದೇ ಇದೆ. ಅಡಿಕೆ ತೋಟದ ನಡುವೆ ಇರುವವರು ಈ ಮಾತಿಗೆ ಕಿವಿಗೊಡಬಾರದು. 2000ದ ದಶಕದ ಆರಂಭದಲ್ಲಿ ನಮ್ಮ ತೋಟಗಳಿಗೆ ಹಬ್ಬಿದ ವೆನಿಲ್ಲಾ ಬಳ್ಳಿಯೂ ಆರ್ಕಿಡ್ಡೇ. ಅಲಂಕಾರಿಕ ಆರ್ಕಿಡ್‌ಗಳಲ್ಲಿ ತೀರಾ ಸಾಮಾನ್ಯವಾದ ಸಿಂಬಿಡಿಯಮ್ ಮೊಸಾಯಿಕ್ ವೈರಸ್ ವೆನಿಲ್ಲಾಕ್ಕೂ ತಗಲುತ್ತದೆ. ಭಾರತದ ವೆನಿಲ್ಲಾದಲ್ಲೂ ಅದು ಪತ್ತೆಯಾಗಿದೆ. ಇದಕ್ಕೆ ಮದ್ದಿಲ್ಲ. ತಗಲಿದ ಗಿಡ ಎಷ್ಟೋ ಕಾಲ ಹಸಿರಾಗಿ, ಆರೋಗ್ಯವಾಗಿಯೇ ಕಾಣುತ್ತದೆ. ಒಂದು ಗಿಡ ಕತ್ತರಿಸಿದ ಚಾಕುವಿನಲ್ಲೇ ಇನ್ನೊಂದನ್ನು ಕತ್ತರಿಸಿದರೆ ರಸದ ಮೂಲಕ ದಾಟುತ್ತದೆ. ಕೀಟಗಳ ಉದಾಹರಣೆ ಬೇಕಿದ್ದರೆ, ಮಧ್ಯ ಅಮೆರಿಕ ಮೂಲದ ಸುರುಳಿ ಬಿಳಿನೊಣ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಕಾಣಿಸಿಕೊಂಡು, ನಮ್ಮ ರಾಜ್ಯದ ತೆಂಗಿನ ಗರಿಗಳನ್ನೂ ಕಪ್ಪಾಗಿಸಿದ್ದನ್ನು ನೆನೆಯಿರಿ.

ಹಾಗಾದರೆ ಅಲ್ಲಿಂದ ತರಬೇಕಾದ್ದು ಏನು? ಗಿಡದ ಚೀಟಿಯ ಫೋಟೋ. ಸಂತೆಯ ಬಹುಪಾಲು ಹೈಬ್ರಿಡ್‌ಗಳು ಅಂಗಾಂಶ ಕೃಷಿಯಿಂದ ಸಾವಿರಗಟ್ಟಲೆ ತೆಗೆದ ತದ್ರೂಪಿಗಳು. ಚೀಟಿಯಲ್ಲಿನ ಪೂರ್ತಿ ಹೆಸರನ್ನು ಬೆಂಗಳೂರು, ಕೇರಳ ಅಥವಾ ಪಶ್ಚಿಮ ಬಂಗಾಳದ ಕಾಲಿಂಪಾಂಗಿನ ನರ್ಸರಿಗಳಲ್ಲಿ ಕೇಳಿ. ಥಾಯ್ಲೆಂಡ್, ತೈವಾನ್‌ಗಳಿಂದ ಕ್ರಮಬದ್ಧವಾಗಿ ತರಿಸಿ ಇಲ್ಲಿ ಒಗ್ಗಿಸಿದ ಅದೇ ತಳಿ ಸಿಗುವ ಸಾಧ್ಯತೆ ಚೆನ್ನಾಗಿದೆ, ಪ್ರಯಾಣದಲ್ಲಿ ಬಾಡಿದ ಗಿಡಕ್ಕಿಂತ ಅದು ಬೇಗ ಚೇತರಿಸಿಕೊಳ್ಳುತ್ತದೆ. ಈ ನರ್ಸರಿಗಳಿಂದ ಕೊಂಡರೂ ಮೊದಲ 6ರಿಂದ 8 ವಾರ ಬೇರೆ ಗಿಡಗಳಿಂದ ದೂರ ಇಡಿ. ಕತ್ತರಿಸುವ ಬ್ಲೇಡು ಗಿಡಕ್ಕೊಂದು ಹೊಸದಿರಲಿ, ಇಲ್ಲವೇ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಳಸಿ.

ಈಗ ಮಳೆ. ಗಿಡ ಕೊಳ್ಳಲು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಸಮಯ. ಜೂನ್‌ನಲ್ಲಿ ತಂದರೆ ಬೇರು ಹಿಡಿಯುವ ಮೊದಲೇ ಕೊಳೆಯುತ್ತದೆ. ಬೇಕಾದ್ದು ಪಾರದರ್ಶಕ ಶೀಟಿನ ಸೂರು, ಅದರ ಕೆಳಗೆ ನೆರಳು ಬಲೆ: ಡೆಂಡ್ರೋಬಿಯಮ್, ವಾಂಡಾಗಳಿಗೆ ಶೇ. 50ರದ್ದು, ಫೆಲೆನಾಪ್ಸಿಸ್‌ಗೆ ಶೇ. 75ರದ್ದು. ಪಕ್ಕಗಳನ್ನು ಮುಚ್ಚಬೇಡಿ, ಗಾಳಿಯಾಡಬೇಕು. ಕುಂಡಕ್ಕೆ ಇದ್ದಿಲು ಮತ್ತು ಒಂದಿಂಚಿನ ಇಟ್ಟಿಗೆ ಚೂರು ಸಮಸಮ ಹಾಕಿ. ತೆಂಗಿನ ಸಿಪ್ಪೆ ಬಯಲುಸೀಮೆಗೆ ಸರಿ. ಇಲ್ಲಿ ಜುಲೈ ಹೊತ್ತಿಗೆ ಅದು ಮುದ್ದೆಯಾಗಿ ಬೇರನ್ನು ಉಸಿರು ಕಟ್ಟಿಸುತ್ತದೆ. ವಾಂಡಾಕ್ಕೆ ಮರದ ಪಟ್ಟಿಯ ಬುಟ್ಟಿ ಸಾಕು, ಒಳಗೆ ಏನೂ ತುಂಬಬೇಕಿಲ್ಲ. ನೀರು ಯಾವಾಗ ಎಂಬುದನ್ನು ಗಿಡದ ಬೇರೇ ಹೇಳುತ್ತದೆ: ಬೆಳ್ಳಿಯಂತೆ ಬಿಳಿಚಿದ್ದರೆ ಕೊಡಿ, ಹಸಿರಾಗಿದ್ದರೆ ಬೇಡ. ಹೊಸ ಚಿಗುರು ಬರುವಾಗ ವಾರಕ್ಕೊಮ್ಮೆ 19:19:19 ಗೊಬ್ಬರ, ಲೀಟರಿಗೆ 1 ಗ್ರಾಂ.

ಮಳೆಗಾಲದ ದೊಡ್ಡ ಶತ್ರು ಕಪ್ಪು ಕೊಳೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ದಾಯಾದಿಗಳೇ ಇದನ್ನೂ ತರುವುದು. ಹೊಸ ಚಿಗುರಿನ ಬುಡದಲ್ಲಿ ನೀರು ತುಂಬಿದಂಥ ಕಪ್ಪು ಕಲೆ ಕಂಡ ದಿನವೇ, ಆರೋಗ್ಯವಾದ ಭಾಗವೂ ಒಂದಿಂಚು ಸೇರುವಂತೆ ಕತ್ತರಿಸಿ ತೆಗೆದು, ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಮಿಶ್ರಣವನ್ನು ಲೀಟರಿಗೆ 2 ಗ್ರಾಂನಂತೆ ಸಿಂಪಡಿಸಿ. ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಮಾತ್ರ ಇದಕ್ಕೆ ಹೊಡೆಯಬೇಡಿ. ಅದರಲ್ಲಿರುವ ತಾಮ್ರ ಡೆಂಡ್ರೋಬಿಯಮ್‌ನ ಚಿಗುರನ್ನೂ ಮೊಗ್ಗನ್ನೂ ಸುಡುತ್ತದೆ. ಅಡಿಕೆ ಗೊನೆಗೆ ಔಷಧಿ ಹೊಡೆಯುವ ದಿನ ಗಾಳಿಯಲ್ಲಿ ಹನಿ ಹಾರಿ ಬರುತ್ತದೆ, ಅಂದು ಕುಂಡಗಳನ್ನು ಒಳಗಿಡಿ.

ಫೆಲೆನಾಪ್ಸಿಸ್‌ನ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಗಿಡವೇ ಹೋಯಿತು. ಕುಂಡವನ್ನು ಸ್ವಲ್ಪ ವಾಲಿಸಿಡಿ. ಇದಕ್ಕೆ ನಮ್ಮ ಚಳಿಗಾಲ ವರವಾಗಿ ಬರುತ್ತದೆ: ಕೆಲವು ವಾರ ರಾತ್ರಿಯ ತಾಪಮಾನ 16ರಿಂದ 20 ಡಿಗ್ರಿ ಇದ್ದರೆ ಹೂದಂಡೆ ಹೊರಡುತ್ತದೆ. 15ಕ್ಕಿಂತ ಇಳಿದ ರಾತ್ರಿ ಮಾತ್ರ ಮನೆಯೊಳಗೆ ತನ್ನಿ.

ಇಷ್ಟೆಲ್ಲ ಬೇಡವೆನ್ನುವವರಿಗೆ ನಮ್ಮದೇ ಕಾಡಿನ ಆರ್ಕಿಡ್ ಸೀತಾಳೆ ದಂಡೆ ಇದೆ. ಕಾಡಿನಿಂದ ಕೀಳಬೇಡಿ. ಸ್ವಂತ ತೋಟದಲ್ಲಿ ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿ ಸಿಕ್ಕಿದರೆ, ಮಳೆ ಹಿಡಿಯುವ ಮೊದಲು ಮಾವು ಅಥವಾ ಹಲಸಿನ ಒರಟು ತೊಗಟೆಗೆ ಸೆಣಬಿನ ಪಟ್ಟಿಯಿಂದ ಅಲ್ಲಾಡದಂತೆ ಕಟ್ಟಿ. ಇದು ಬಂದಳಿಕೆಯಲ್ಲ, ಮರದ ರಸ ಹೀರುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ಬೇರು ತೊಗಟೆಯನ್ನು ಅಪ್ಪಿಕೊಂಡಿರುತ್ತದೆ, ಆಮೇಲೆ ಸೆಣಬು ಬಿಚ್ಚಬಹುದು.