ಪದ ಪರಿಚಯ: ಪಿರಿಯಾಡಿಕಲ್ ಸಿಕಾಡ

ಸಿಕಾಡ ಅಂದರೆ ಜೀರುಂಡೆ. ಮಲೆನಾಡಿನಲ್ಲಿ ಮರಕ್ಕೆ ಅಂಟಿಕೊಂಡು ಕಿವಿ ಗುಂಯ್ ಎನ್ನುವಂತೆ ಕೂಗುತ್ತದಲ್ಲ, ಅದರದ್ದೇ ಬಳಗ. ನಮ್ಮಲ್ಲಿ ಪ್ರತಿ ವರ್ಷ ಆ ಕೂಗು ಕೇಳಿಸುತ್ತದೆ. ಅಮೆರಿಕದ ಪೂರ್ವ ಭಾಗದಲ್ಲಿ ಮಾತ್ರ ಮ್ಯಾಜಿಸಿಕಾಡ ಎಂಬ ಗುಂಪಿನ ಜೀರುಂಡೆಗಳಿವೆ. ಅವು ಮಣ್ಣಿನಿಂದ ಮೇಲೆ ಬರುವುದು 13 ಅಥವಾ 17 ವರ್ಷಕ್ಕೊಮ್ಮೆ. ಇವೇ ಪಿರಿಯಾಡಿಕಲ್ ಸಿಕಾಡಗಳು. 17 ವರ್ಷದವು 3 ಜಾತಿ, 13 ವರ್ಷದವು 4.

ಇಷ್ಟೂ ವರ್ಷ ಅವು ನಿದ್ದೆ ಹೊಡೆಯುತ್ತವೆ ಅಂತ ಹಲವರು ತಿಳಿದಿದ್ದಾರೆ. ಇಲ್ಲ. ಮರಿಗಳು ಮಣ್ಣೊಳಗೆ ಎಚ್ಚರವಾಗಿಯೇ ಇದ್ದು, ಮರದ ಬೇರಿಗೆ ಬಾಯಿ ಚುಚ್ಚಿ ರಸ ಹೀರುತ್ತಿರುತ್ತವೆ. ಅದು ನೀರಿನಂಥ ರಸ, ಸತ್ವ ತೀರಾ ಕಡಿಮೆ. ಬೆಳೆಯುವುದು ನಿಧಾನ ಆಗಲೇಬೇಕು.

ಹಾಗೆ ನೋಡಿದರೆ ಬೇರೆ ಜೀರುಂಡೆಗಳೂ ಕೆಲವು ವರ್ಷ ಮಣ್ಣಲ್ಲೇ ಕಳೆಯುತ್ತವೆ. ಆದರೆ ಅವುಗಳಲ್ಲಿ ಪ್ರತಿ ವರ್ಷ ಒಂದಷ್ಟರ ಸರದಿ ಬರುತ್ತದೆ. ಇಲ್ಲಿ ಹಾಗಲ್ಲ. ಒಂದು ಪ್ರದೇಶದ ಹೆಚ್ಚುಕಡಿಮೆ ಎಲ್ಲವೂ ಒಂದೇ ವರ್ಷ, ಕೆಲವೇ ವಾರಗಳೊಳಗೆ ಹೊರಬರುತ್ತವೆ. ನನ್ನ ಪ್ರಕಾರ ಸೋಜಿಗ ಇರುವುದೇ ಇಲ್ಲಿ.

ಹೀಗೆ ಒಟ್ಟಿಗೆ ಬರುವ ತಂಡಕ್ಕೆ ಬ್ರೂಡ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಒಂದು ನಂಬರ್. ಈಗ 15 ಬ್ರೂಡ್‌ಗಳು ಉಳಿದಿವೆ. 10ನೇ ಬ್ರೂಡ್ 2004ರಲ್ಲಿ ಬಂತು, 2021ರಲ್ಲಿ ಬಂತು, ಇನ್ನು 2038ಕ್ಕೆ. 2024ರಲ್ಲಿ 13ನೇ ಬ್ರೂಡ್ ಮತ್ತು 19ನೇ ಬ್ರೂಡ್ ಒಂದೇ ವರ್ಷ ಬಂದವು. ಮೊದಲನೆಯದು 17 ವರ್ಷದ್ದು, ಎರಡನೆಯದು 13 ವರ್ಷದ್ದು. (13ನೇ ಬ್ರೂಡ್ ಅಂದರೆ 13 ವರ್ಷದ್ದು ಅಂತಲ್ಲ, ಗಲಿಬಿಲಿ ಬೇಡ.) ಇವೆರಡೂ ಅದಕ್ಕೂ ಹಿಂದೆ ಜೊತೆಯಾಗಿದ್ದು 1803ರಲ್ಲಿ. 13ನ್ನು 17ರಿಂದ ಗುಣಿಸಿ, ಲೆಕ್ಕ ಸಿಗುತ್ತದೆ.

ಚಳಿ ಕಳೆದು, ಒಂದು ಗೇಣು ಆಳದ ಮಣ್ಣು ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದಾಗ ಸಮಯ ಬಂತು ಎಂದರ್ಥ. ಕತ್ತಲಾಗುತ್ತಿದ್ದಂತೆ ಬೆರಳು ತೂರುವಷ್ಟು ಅಗಲದ ತೂತುಗಳಿಂದ ಕಂದು ಮರಿಗಳು ಎದ್ದು ಮರ, ಬೇಲಿ, ಗೋಡೆ ಸಿಕ್ಕಿದ್ದನ್ನು ಹತ್ತುತ್ತವೆ. ಬೆನ್ನ ಮೇಲೆ ಪೊರೆ ಬಿರಿಯುತ್ತದೆ. ಒಳಗಿಂದ ಬರುವ ಹುಳ ಮೆತ್ತಗೆ, ಹಾಲಿನಷ್ಟು ಬಿಳಿ, ಕಣ್ಣು ಮಾತ್ರ ಕೆಂಪು. ಬೆಳಗಾಗುವಷ್ಟರಲ್ಲಿ ಮೈ ಕಪ್ಪಾಗಿ ಗಟ್ಟಿಯಾಗುತ್ತದೆ. ಕೆಲವು ದಿನ ಕಳೆದ ಮೇಲೆ ಗಂಡುಗಳು ಕೂಗು ಶುರು ಮಾಡುತ್ತವೆ. ಮೆಚ್ಚಿದ ಹೆಣ್ಣು ರೆಕ್ಕೆಯನ್ನು ಚಟ್ ಅಂತ ಒಮ್ಮೆ ಕೊಡವುತ್ತದೆ, ಅದೇ ಒಪ್ಪಿಗೆ. ಎಳೆ ಟೊಂಗೆ ಸೀಳಿ ಮೊಟ್ಟೆಯಿಟ್ಟ ಮೇಲೆ ಮುಗಿಯಿತು; ಮೇಲಿನ ಬದುಕು ಬರೀ 4-6 ವಾರ. ಮೊಟ್ಟೆಯೊಡೆದ ಇರುವೆ ಗಾತ್ರದ ಮರಿಗಳು ನೆಲಕ್ಕುದುರಿ ಮಣ್ಣು ಸೇರುತ್ತವೆ.

ಇವಕ್ಕೆ ವಿಷವಿಲ್ಲ, ಕಚ್ಚಲು ಬರುವುದಿಲ್ಲ, ಓಡುವುದರಲ್ಲೂ ಮಂಕು. ಹಕ್ಕಿ, ಅಳಿಲು, ಆಮೆ ಎಲ್ಲ ಹೊಟ್ಟೆ ತುಂಬಾ ತಿನ್ನುತ್ತವೆ. ಆದರೆ ಎಷ್ಟು ಅಂತ ತಿಂದಾವು? ಮದುವೆ ಊಟದಲ್ಲಿ ಎಂಥ ಹೋಳಿಗೆಪ್ರಿಯನೂ ಒಂದು ಹಂತದಲ್ಲಿ ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ, ಅಲ್ವಾ? ಒಂದು ಎಕರೆಯಲ್ಲಿ 10 ಲಕ್ಷಕ್ಕೂ ಜಾಸ್ತಿ ಏಳುವ ಕಡೆ, ತಿಂದು ಉಳಿದವೇ ಸಂತತಿಗೆ ಬೇಕಾದಷ್ಟು. ಲೆಕ್ಕ ತಪ್ಪಿ ಬೇರೆ ವರ್ಷ ಎದ್ದವುಗಳ ಪಾಡು ಹೀಗಲ್ಲ. 10ನೇ ಬ್ರೂಡ್‌ನ ಕೆಲವು 4 ವರ್ಷ ಮೊದಲೇ, 2017ರಲ್ಲಿ ಎದ್ದಿದ್ದವು. ಹೀಗೆ ಬಿಡಿಬಿಡಿಯಾಗಿ ಬಂದವು ಸಾಮಾನ್ಯವಾಗಿ ಹಕ್ಕಿಗಳ ಪಾಲು.

13, 17 ಎರಡೂ ಅವಿಭಾಜ್ಯ ಸಂಖ್ಯೆ, ಹಾಗಾಗಿ 2-3 ವರ್ಷಕ್ಕೊಮ್ಮೆ ಹೆಚ್ಚುವ ಶತ್ರುಗಳ ಜೊತೆ ತಾಳೆಯಾಗುವುದಿಲ್ಲ ಎಂಬ ವಾದವಿದೆ. ಕೇಳಲು ಚೆಂದ, ಸಾಬೀತಾಗಿಲ್ಲ. ವರ್ಷ ಎಣಿಸುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸುಳಿವು ಸಿಕ್ಕಿದೆ. ಕ್ಯಾಲಿಫೋರ್ನಿಯಾದ ಕೀಟವಿಜ್ಞಾನಿ ರಿಚರ್ಡ್ ಕಾರ್ಬನ್ ಮತ್ತು ಸಂಗಡಿಗರು ಮರಿಗಳನ್ನು ಪೀಚ್ ಗಿಡದ ಬೇರಿಗೆ ಬಿಟ್ಟು, ಆ ಗಿಡ ಒಂದೇ ವರ್ಷದಲ್ಲಿ ಎರಡು ಸಲ ಚಿಗುರುವಂತೆ ಮಾಡಿದರು. ಮರಿಗಳು ಒಂದು ವರ್ಷ ಮೊದಲೇ ಮೇಲೆ ಬಂದವು. ಅಂದರೆ ಅವು ಎಣಿಸಿದ್ದು ಗಿಡದ ಚಿಗುರಿನ ಸುತ್ತುಗಳನ್ನು.

ಭಾರತದಲ್ಲೂ ಇಂಥದ್ದೊಂದು ಇದೆ. ಮೇಘಾಲಯದ ರಿ-ಭೋಯ್ ಜಿಲ್ಲೆಯ ಜೀರುಂಡೆ 4 ವರ್ಷಕ್ಕೊಮ್ಮೆ, ಅದೂ ಫುಟ್‌ಬಾಲ್ ವಿಶ್ವಕಪ್ ನಡೆಯುವ ವರ್ಷವೇ ಬರುತ್ತದೆ. ಅದಕ್ಕೇ ವಿಶ್ವಕಪ್ ಸಿಕಾಡ ಎಂಬ ಅಡ್ಡಹೆಸರು. ಅಲ್ಲಿನವರು ರಾತ್ರಿ ಹೊತ್ತು ಹಿಡಿದು ತಿನ್ನುತ್ತಾರೆ ಕೂಡ.