ಅಡಗಿದ ಹಸಿವು ಅಂದರೇನು?

ಮೂರು ಹೊತ್ತು ಹೊಟ್ಟೆ ತುಂಬ ಉಂಡವರಿಗೂ ಇರಬಹುದಾದ ಹಸಿವು ಇದು. ನಮ್ಮ ಮೈಗೆ ಕಬ್ಬಿಣ, ಸತು, ಅಯೋಡಿನ್, ಎ ವಿಟಮಿನ್ ದಿನಕ್ಕೆ ಬೇಕಾಗುವುದು ಚಿಟಿಕೆಗಿಂತ ಕಡಿಮೆ. ಅಷ್ಟೂ ಸಿಗದಿದ್ದರೆ ಹೊಟ್ಟೆ ಚುರುಗುಟ್ಟುವುದಿಲ್ಲ. ಸುಸ್ತಾಗುತ್ತದೆ, ರಕ್ತ ಕಡಿಮೆಯಾಗುತ್ತದೆ, ಸಂಜೆಯಾದರೆ ಕಣ್ಣು ಮಂಜಾಗುತ್ತದೆ, ಮಕ್ಕಳು ಬೆಳೆಯುವುದಿಲ್ಲ. ಮನೆಯವರಿಗೆ ಇದು ಹಸಿವು ಅಂತ ಹೊಳೆಯುವುದೇ ಇಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು 67%. ಕಾರಣಗಳು ಹಲವು. ಕಬ್ಬಿಣದ ಕೊರತೆ ಅವುಗಳಲ್ಲಿ ದೊಡ್ಡದು.

ಕಾಳುಕಡ್ಡಿ ಇಷ್ಟು ಬೆಳೆದರೂ ಯಾಕೆ ಹೀಗೆ? 1960ರ ದಶಕದಲ್ಲಿ ಸಂಶೋಧನೆಯ ಹಣ, ಗಮನ ಹೆಚ್ಚಾಗಿ ಹೋದದ್ದು ಭತ್ತ ಮತ್ತು ಗೋಧಿಗೆ. ಬರಗಾಲದ ಭಯ ಕಡಿಮೆಯಾಯಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಸೊಪ್ಪು, ತರಕಾರಿ, ಬೇಳೆ ಹಿಂದೆ ಉಳಿದವು. ಆ ಕೊರತೆ ತುಂಬಲು 1971ರಲ್ಲಿ ತೈವಾನಿನ ತೈನಾನ್ ಹತ್ತಿರ ಒಂದು ತರಕಾರಿ ಸಂಶೋಧನಾ ಕೇಂದ್ರ ಶುರುವಾಯಿತು. ಈಗ ಅದರ ಹೆಸರು ವಿಶ್ವ ತರಕಾರಿ ಕೇಂದ್ರ. ಅಲ್ಲಿನ ಬೀಜ ಭಂಡಾರದಲ್ಲಿ 60,000ಕ್ಕೂ ಹೆಚ್ಚು ಬೀಜದ ಮಾದರಿಗಳಿವೆ.

ಈ ಕೇಂದ್ರದ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಹೆಸರು ಕಾಳಿನದು. ಹಳೆಯ ತಳಿಗಳಲ್ಲಿ ಕಾಯಿ ಒಟ್ಟಿಗೆ ಒಣಗುತ್ತಿರಲಿಲ್ಲ, ಮತ್ತೆ ಮತ್ತೆ ಬಿಡಿಸಬೇಕಿತ್ತು. ಹಳದಿ ನಂಜು ರೋಗ ಬಂದರೆ ಹೊಲವೇ ಹೋಗುತ್ತಿತ್ತು. ತೈವಾನಿನ ತಳಿಗಳಲ್ಲಿ ಕಾಳು ದಪ್ಪ, ಕಾಯಿ ಹೆಚ್ಚುಕಡಿಮೆ ಒಟ್ಟಿಗೆ ಮಾಗುತ್ತಿತ್ತು. ಆದರೆ ರೋಗ ತಡೆಯುವ ಶಕ್ತಿ ಇರಲಿಲ್ಲ. ಪಾಕಿಸ್ತಾನದ ವಿಜ್ಞಾನಿಗಳು ಅವನ್ನು ರೋಗ ತಡೆಯುವ ತಮ್ಮ ತಳಿಗಳ ಜೊತೆ ಕೂಡಿಸಿದರು. ಅದರಿಂದ ಬಂದ ಒಂದು ತಳಿಯನ್ನೇ ಆರಿಸಿ ಲುಧಿಯಾನದ ಕೃಷಿ ವಿಶ್ವವಿದ್ಯಾಲಯ ಎಸ್‌ಎಂಎಲ್ 668 ಅಂತ ಬಿಡುಗಡೆ ಮಾಡಿತು. ಸುಮಾರು 60 ದಿನಕ್ಕೆ ಕೊಯ್ಲು! ಗೋಧಿ ಕೊಯ್ದು ಭತ್ತ ನಾಟಿ ಮಾಡುವ ನಡುವೆ ಸುಮ್ನೆ ಬಿದ್ದಿರುತ್ತಿದ್ದ ಹೊಲದಲ್ಲಿ ಇನ್ನೊಂದು ಬೆಳೆ ಸಿಕ್ಕಿತು. ರೈತನ ಕೈಗೆ ದುಡ್ಡು, ಮನೆಗೆ ಕಾಳು, ಮಣ್ಣಿಗೆ ಸಾರಜನಕ. ಗಡಿಯ ಎರಡೂ ಕಡೆಯವರ ದುಡಿಮೆ ಒಂದೇ ಕಾಳಿನಲ್ಲಿ ಸೇರಿದೆ ಅನ್ನುವುದು ದೊಡ್ಡ ಸಂತೋಷ, ಅಲ್ವಾ?

ಕಾಳಿನ ಕಬ್ಬಿಣ ಅಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ ಅನ್ನುವುದೂ ಗೊತ್ತಿರಬೇಕು. ಸಿ ವಿಟಮಿನ್ ಜೊತೆಗಿದ್ದರೆ ಜಾಸ್ತಿ ಹತ್ತುತ್ತದೆ. ಹೆಸರು ಬೇಳೆ ಕೋಸಂಬರಿಗೆ ನಿಂಬೆ ಹಿಂಡುವುದು ಅದಕ್ಕೇ ಒಳ್ಳೆಯದು.

ಆಫ್ರಿಕಾದಲ್ಲಿ ಕೆಲಸ ಬೇರೆ ಥರದ್ದು. ಟಾಂಜಾನಿಯಾದ ಅರುಷಾದಲ್ಲಿರುವ ಇದೇ ವಿಶ್ವ ತರಕಾರಿ ಕೇಂದ್ರದ ಶಾಖೆ ಊರಿನ ಸೊಪ್ಪುಗಳನ್ನೇ ಸುಧಾರಿಸುತ್ತದೆ. ಅಲ್ಲಿನವರು ಮ್ಚಿಚಾ ಅನ್ನುವ ಸೊಪ್ಪು ನಮ್ಮ ದಂಟು, ಹರಿವೆಯ ಬಳಗದ್ದು. ಬಿತ್ತಿದ ಕೆಲವೇ ವಾರಕ್ಕೆ ಕೈಗೆ ಬರುತ್ತದೆ. ತುಂಡು ಜಮೀನಿನ ಹೆಂಗಸರಿಗೆ ಇದು ಅಡುಗೆಗೂ ಆಗುತ್ತದೆ, ಸಂತೆಗೂ ಆಗುತ್ತದೆ.

ಬಡತನ ಕಡಿಮೆ ಮಾಡುವ ಶಕ್ತಿ ತರಕಾರಿಗೆ ಇರುವುದು ಹೀಗೆಯೇ: ಜಾಗ ಕಡಿಮೆ, ದುಡ್ಡು ಬೇಗ. ಅಪಾಯವೂ ಅಷ್ಟೇ ಇದೆ. ಬೇಗ ಕೊಳೆಯುತ್ತದೆ, ಬೆಲೆ ಬೀಳುತ್ತದೆ, ರೋಗ ಬರುತ್ತದೆ. ಬಿಳಿ ನೊಣ ಹರಡುವ ಎಲೆ ಮುದುಡು ರೋಗ ಏನು ಮಾಡುತ್ತದೆ ಅಂತ ಕೋಲಾರದ ಟೊಮೆಟೊ ಬೆಳೆಗಾರರಿಗೆ ಹೇಳಬೇಕಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಆ ರೋಗ ತಡೆಯುವ ನಂದಿ, ಸಂಕ್ರಾಂತಿ, ವೈಭವ್ ತಳಿಗಳನ್ನು ಕೊಟ್ಟಿದೆ. ಇವು ಹೈಬ್ರಿಡ್ ಅಲ್ಲ, ರೈತರು ಬೀಜ ಉಳಿಸಿ ಮತ್ತೆ ಬಿತ್ತಬಹುದು. ಅಡಗಿದ ಹಸಿವಿನ ಕಷ್ಟ ಇರುವುದು ಪ್ರತಿ ಸಲ ಬೀಜ ಕೊಳ್ಳಲು ಆಗದ ಮನೆಗಳಲ್ಲೇ ಜಾಸ್ತಿ. ಅದಕ್ಕೆ ಇಂಥ ತಳಿಗಳ ಕೆಲಸಕ್ಕೆ ಸರ್ಕಾರದ ಹಣ ಮೊದಲು ಹೋಗಬೇಕು ಅಂತ ನಾನು ನಂಬಿದ್ದೇನೆ.