ಪಿಪ್ ‘ಇದೆ’ ಅನ್ನುತ್ತೆ, ಪೈಥಾನ್ ‘ಇಲ್ಲ’ ಅನ್ನುತ್ತೆ: ಯಾವುದನ್ನು ನಂಬಬೇಕು?

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಪಿಪ್‌ನಿಂದ (ಪೈಥಾನ್ ಲೈಬ್ರರಿ ಹಾಕುವ ಟೂಲ್) ಪಾಂಡಾಸ್ ಎಂಬ ಡೇಟಾ ಲೈಬ್ರರಿ ಹಾಕಿಕೊಂಡಿದ್ದೇನೆ. ಇನ್ನೊಮ್ಮೆ ಇನ್‌ಸ್ಟಾಲ್ ಮಾಡಲು ಹೋದರೆ ‘ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್‌ಫೈಡ್’ ಎಂದು ಬರುತ್ತದೆ. ವಿಎಸ್ ಕೋಡ್ ಎಡಿಟರ್‌ನಲ್ಲಿ ಸ್ಕ್ರಿಪ್ಟ್ ರನ್ ಮಾಡಿದರೆ ಮಾತ್ರ ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್’. ತೆಗೆದು ಮತ್ತೆ ಹಾಕಿದರೂ ಅದೇ ಕತೆ. ಏನು ಮಾಡಲಿ?

ಉತ್ತರ: ಎರಡೂ ನಿಜವನ್ನೇ ಹೇಳುತ್ತಿವೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಹುಶಃ ಒಂದಕ್ಕಿಂತ ಹೆಚ್ಚು ಪೈಥಾನ್ ಇವೆ. ಪಿಪ್ ಒಂದಕ್ಕೆ ಸೇರಿದ್ದು, ಸ್ಕ್ರಿಪ್ಟ್ ಓಡುತ್ತಿರುವುದು ಇನ್ನೊಂದರಲ್ಲಿ. ಹಾಗಿರುವಾಗ ಅದೇ ಪಿಪ್‌ನಿಂದ ಹತ್ತು ಸಲ ತೆಗೆದು ಹಾಕಿದರೂ ಪಾಂಡಾಸ್ ಹೋಗಿ ಕೂರುವುದು ಅದೇ ಹಳೇ ಜಾಗದಲ್ಲಿ.

(ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಿ.)

ಸುಳಿವು ನಿಮ್ಮ ಕಣ್ಣೆದುರೇ ಇದೆ. ‘ಆಲ್ರೆಡಿ ಸ್ಯಾಟಿಸ್‌ಫೈಡ್’ ಎಂಬ ಸಾಲನ್ನು ಕೊನೆಯವರೆಗೂ ಓದಿ. ಅದರಲ್ಲಿ ಒಂದು ಫೋಲ್ಡರ್ ವಿಳಾಸ ಇರುತ್ತದೆ; ಅದರ ಬಾಲ ಹೆಚ್ಚುಕಮ್ಮಿ ಹೀಗಿರುತ್ತದೆ:

…\ಪ್ರೋಗ್ರಾಮ್ಸ್\ಪೈಥಾನ್\ಪೈಥಾನ್312\ಲಿಬ್\ಸೈಟ್-ಪ್ಯಾಕೇಜಸ್

ಈಗ ಎರರ್ ಕೊಡುತ್ತಿರುವ ಸ್ಕ್ರಿಪ್ಟ್‌ನ ತಲೆಯಲ್ಲೇ, ಪಾಂಡಾಸ್ ಇಂಪೋರ್ಟ್‌ಗಿಂತ ಮೇಲೆ, ಎರಡು ಸಾಲು ಸೇರಿಸಿ ರನ್ ಮಾಡಿ:

ಇಂಪೋರ್ಟ್ ಸಿಸ್
ಪ್ರಿಂಟ್(ಸಿಸ್.ಎಕ್ಸಿಕ್ಯೂಟೆಬಲ್)

ಅದು ‘…\ಪೈಥಾನ್313\ಪೈಥಾನ್.ಇಎಕ್ಸ್‌ಇ’ ಎಂದು ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ. ಒಂದು ಕಡೆ 312, ಇನ್ನೊಂದು ಕಡೆ 313. 3.12 ಮತ್ತು 3.13ಕ್ಕೆ ಲೈಬ್ರರಿಗಳು ಕೂರುವ ಸೈಟ್-ಪ್ಯಾಕೇಜಸ್ ಫೋಲ್ಡರ್ ಬೇರೆ ಬೇರೆ. ಪಾಂಡಾಸ್‌ನಂಥ ಲೈಬ್ರರಿಗಳ ಒಳಗೆ ಆಯಾ ವರ್ಷನ್‌ಗೆಂದೇ ಕಂಪೈಲ್ ಆದ ಫೈಲ್‌ಗಳಿರುತ್ತವೆ, ಆದ್ದರಿಂದ ಒಂದರದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಫೋಲ್ಡರನ್ನೇ ಕಾಪಿ ಮಾಡಿ ಇತ್ತ ಹಾಕುತ್ತೇನೆ ಎಂದು ಹೊರಡಬೇಡಿ.

ಹೀಗಾಗುವ ಒಂದು ಸಾಮಾನ್ಯ ದಾರಿ ಇದು. ಮೊದಲು 3.12 ಹಾಕಿದಾಗ ‘ಪಾತ್’ಗೆ (ಕಮಾಂಡ್‌ಗಳನ್ನು ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸೇರಿಸುವ ಟಿಕ್ ಕೊಟ್ಟಿರುತ್ತೀರಿ. ಆಮೇಲೆ 3.13 ಹಾಕುವಾಗ ಆ ಟಿಕ್ ಮರೆತಿರುತ್ತೀರಿ. ಬರಿದೆ ‘ಪಿಪ್’ ಎಂದು ಹೊಡೆದರೆ ಪಾತ್‌ನಲ್ಲಿ ಮೊದಲು ಸಿಗುವ ಹಳೆಯದೇ ಓಡುತ್ತದೆ. ವಿಎಸ್ ಕೋಡ್ ಹೊಸದನ್ನು ಹಿಡಿದುಕೊಂಡಿರುತ್ತದೆ. ನಿಮ್ಮಲ್ಲಿ ಏನೇನಿದೆ ಎಂದು ಪೂರ್ತಿ ನೋಡಲು:

ಪಿವೈ -0ಪಿ

ಹೈಫನ್, ಸೊನ್ನೆ, ಪಿ. ವಿಂಡೋಸ್‌ನ ಪೈಥಾನ್ ಲಾಂಚರ್ ತನಗೆ ಗೊತ್ತಿರುವ ಎಲ್ಲ ಪೈಥಾನ್‌ಗಳನ್ನೂ ವಿಳಾಸದ ಸಮೇತ ಪಟ್ಟಿ ಮಾಡುತ್ತದೆ. ಲಿನಕ್ಸ್, ಮ್ಯಾಕ್‌ನಲ್ಲಾದರೆ ‘ವಿಚ್ -ಎ ಪೈಥಾನ್3’.

ತಕ್ಷಣದ ಪರಿಹಾರ: ‘ಪಿಪ್’ ಎಂಬ ಕಮಾಂಡನ್ನು ನೇರವಾಗಿ ಬಳಸುವುದನ್ನೇ ಬಿಟ್ಟುಬಿಡಿ. ಯಾವ ಪೈಥಾನ್‌ಗೆ ಬೇಕೋ ಅದರ ಬಾಯಿಂದಲೇ ಹೇಳಿಸಿ.

ಪಿವೈ -3.13 -ಎಮ್ ಪಿಪ್ ಇನ್‌ಸ್ಟಾಲ್ ಪಾಂಡಾಸ್

ಇಲ್ಲವೇ ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಶಿಫ್ಟ್+ಪಿ ಒತ್ತಿ, ‘ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್’ ಆರಿಸಿ, ಪಾಂಡಾಸ್ ಇರುವ 3.12ಕ್ಕೆ ಬದಲಾಯಿಸಿ. ಜುಪಿಟರ್ ನೋಟ್‌ಬುಕ್‌ನಲ್ಲಿ ಇದೇ ತೊಂದರೆ ಬಂದರೆ ಸೆಲ್‌ನಲ್ಲಿ ಆಶ್ಚರ್ಯಸೂಚಕ ಹಾಕಿ ಪಿಪ್ ಓಡಿಸುವ ಬದಲು ‘%ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಎಂದು ಕೊಡಿ. ಶೇಕಡಾ ಚಿಹ್ನೆಯದ್ದು ಆ ನೋಟ್‌ಬುಕ್‌ನ ಕರ್ನಲ್‌ಗೇ (ಅದರ ಹಿಂದೆ ಓಡುವ ಪೈಥಾನ್‌ಗೇ) ಹಾಕುತ್ತದೆ, ಆಶ್ಚರ್ಯಸೂಚಕದ್ದು ಶೆಲ್‌ಗೆ (ಕಮಾಂಡ್ ಓಡಿಸುವ ಪ್ರೋಗ್ರಾಮ್‌ಗೆ) ಸಿಕ್ಕ ಪಿಪ್‌ಗೆ ಹೋಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ಪ್ರಾಜೆಕ್ಟ್‌ಗೆ ಮತ್ತೆ ಇದೇ ಗೋಳು. ಪ್ರತಿ ಪ್ರಾಜೆಕ್ಟ್‌ಗೂ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ (ಚುಟುಕಾಗಿ ‘ವೆನ್ವ್’; ಆ ಪ್ರಾಜೆಕ್ಟ್‌ನ ಲೈಬ್ರರಿಗಳಿಗೆಂದೇ ಒಂದು ಪ್ರತ್ಯೇಕ ಫೋಲ್ಡರ್) ಮಾಡಿಕೊಳ್ಳಿ. 2012ರ ಪೈಥಾನ್ 3.3ರಿಂದ ಇದು ಪೈಥಾನ್ ಜೊತೆಗೇ ಬರುತ್ತಿದೆ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ನಿಂತು:

ಪಿವೈ -3.13 -ಎಮ್ ವೆನ್ವ್ .ವೆನ್ವ್
.ವೆನ್ವ್\ಸ್ಕ್ರಿಪ್ಟ್ಸ್\ಪೈಥಾನ್ -ಎಮ್ ಪಿಪ್ ಇನ್‌ಸ್ಟಾಲ್ ಪಾಂಡಾಸ್

‘ಆ್ಯಕ್ಟಿವೇಟ್’ ಎಲ್ಲಿ ಹೋಯಿತು ಎಂದು ಕೇಳಬಹುದು. ಅದು ಕಡ್ಡಾಯವಲ್ಲ. ಆ್ಯಕ್ಟಿವೇಟ್ ಸ್ಕ್ರಿಪ್ಟ್ ಮಾಡುವ ಮುಖ್ಯ ಕೆಲಸ ಆ ಫೋಲ್ಡರನ್ನು ಪಾತ್‌ನ ಮುಂದಕ್ಕೆ ತರುವುದು, ಅಷ್ಟೇ. ಅದರೊಳಗಿನ ಪೈಥಾನನ್ನು ಪೂರ್ತಿ ವಿಳಾಸ ಕೊಟ್ಟು ಕರೆದರೆ ಆ್ಯಕ್ಟಿವೇಟ್ ಮಾಡದೆಯೂ ಎಲ್ಲ ನಡೆಯುತ್ತದೆ. ಪವರ್‌ಶೆಲ್‌ನಲ್ಲಿ ‘ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್’ ಎಂಬ ಕೆಂಪು ಸಾಲಿನ ಕಾಟವೂ ಇದರಿಂದ ತಪ್ಪುತ್ತದೆ. ಲಿನಕ್ಸ್‌ನಲ್ಲಿ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಕೂಡ ಇದೇ ಉಪಾಯ. ಟರ್ಮಿನಲ್‌ನಲ್ಲಿ ಓಡುವ ಸ್ಕ್ರಿಪ್ಟ್ ರಾತ್ರಿ ಕ್ರಾನ್‌ನಲ್ಲಿ ಬಿದ್ದರೆ, ಬಹಳಷ್ಟು ಸಲ ಅದು ಸಿಸ್ಟಮ್‌ನ ಪೈಥಾನ್‌ನಲ್ಲಿ ಓಡಿರುತ್ತದೆ. ಕ್ರಾನ್ ಸಾಲಿನಲ್ಲಿ ಬರೀ ‘ಪೈಥಾನ್3’ ಎನ್ನದೆ ವೆನ್ವ್ ಒಳಗಿನ ‘ಬಿನ್/ಪೈಥಾನ್’ವರೆಗಿನ ಪೂರ್ತಿ ವಿಳಾಸ ಬರೆಯಿರಿ.

ಉಬುಂಟು 24.04ರಂಥವುಗಳಲ್ಲಿ ಸಿಸ್ಟಮ್ ಪೈಥಾನ್‌ಗೆ ಪಿಪ್‌ನಿಂದ ಲೈಬ್ರರಿ ಹಾಕಲು ಹೋದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ಬಾಗಿಲು ಹಾಕುತ್ತದೆ. ಡೆಬಿಯನ್ 12, ಉಬುಂಟು 23.04ರಿಂದ ಈ ಕಾವಲು ಬಂದಿದೆ. ಸಿಸ್ಟಮ್‌ನ ಎಷ್ಟೋ ಟೂಲ್‌ಗಳು ಅದೇ ಪೈಥಾನ್ ಮೇಲೆ ನಿಂತಿವೆ. ನೀವು ಒಂದು ಲೈಬ್ರರಿಯ ವರ್ಷನ್ ಬದಲಿಸಿದರೆ ಅವು ಕೆಡಬಹುದು. ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಹಾಕಿ ದಾಟಿಕೊಳ್ಳಿ ಎಂಬ ಸಲಹೆ ಹಲವು ಕಡೆ ಸಿಗುತ್ತದೆ. ಆ ಆಪ್ಷನ್‌ನ ಹೆಸರೇ ಎಚ್ಚರಿಕೆ ಕೊಡುತ್ತಿರುವಾಗ ನಾವೇನು ಹೇಳುವುದು! ‘ಆಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್’ ಮಾಡಿ, ವೆನ್ವ್ ಕಟ್ಟಿಕೊಳ್ಳಿ.

ಇನ್ನು, ಪೈಥಾನ್ ಒಂದೇ ಇದ್ದು, ವಿಳಾಸಗಳೂ ತಾಳೆಯಾಗಿ, ಆದರೂ ಎರರ್ ಬಂದರೆ ಹೆಸರಿನ ಮೇಲೆ ಅನುಮಾನ ಪಡಿ. ಪಿಪ್‌ಗೆ ಕೊಡುವ ಹೆಸರು ಮತ್ತು ಇಂಪೋರ್ಟ್‌ಗೆ ಕೊಡುವ ಹೆಸರು ಒಂದೇ ಇರಬೇಕೆಂದೇನಿಲ್ಲ. ಓಪನ್‌ಸಿವಿ-ಪೈಥಾನ್ ಹಾಕಿದರೆ ಇಂಪೋರ್ಟ್ ಸಿವಿ2. ಪಿಲ್ಲೋ ಹಾಕಿದರೆ ಪಿಐಎಲ್, ಅದೂ ದೊಡ್ಡಕ್ಷರದಲ್ಲಿ. ಬ್ಯೂಟಿಫುಲ್‌ಸೂಪ್4ಗೆ ಬಿಎಸ್4, ಸೈಕಿಟ್-ಲರ್ನ್‌ಗೆ ಎಸ್‌ಕೆಲರ್ನ್. ಇವುಗಳಲ್ಲಿ ಅತಿ ಮೋಸದ್ದು ವರ್ಡ್ ಫೈಲ್ ಓದುವ ಲೈಬ್ರರಿ. ಇಂಪೋರ್ಟ್ ‘ಡಾಕ್ಸ್’ ಎಂದಿರುವುದರಿಂದ ಜನ ‘ಪಿಪ್ ಇನ್‌ಸ್ಟಾಲ್ ಡಾಕ್ಸ್’ ಎಂದೇ ಹೊಡೆಯುತ್ತಾರೆ. ಆ ಹೆಸರಿನಲ್ಲಿ ನಿಜಕ್ಕೂ ಒಂದು ಹಳೆಯ ಪ್ಯಾಕೇಜ್ ಇದೆ. ಅದು ಇನ್‌ಸ್ಟಾಲ್ ಆಗಿ, ಇಂಪೋರ್ಟ್ ಮಾಡುವಾಗ ‘ನೋ ಮಾಡ್ಯೂಲ್ ನೇಮ್ಡ್ ಎಕ್ಸೆಪ್ಷನ್ಸ್’ ಎಂದು ಬೀಳುತ್ತದೆ. ‘ಎಕ್ಸೆಪ್ಷನ್ಸ್’ ಎಂಬ ಮಾಡ್ಯೂಲ್ ಪೈಥಾನ್ 2ರ ಕಾಲದ್ದು, ಅದನ್ನು ಹುಡುಕಿ ಹಾಕಲು ಹೋಗಬೇಡಿ. ‘ಡಾಕ್ಸ್’ ತೆಗೆದು ‘ಪೈಥಾನ್-ಡಾಕ್ಸ್’ ಹಾಕಿ.

ನಿಮ್ಮದೇ ಫೈಲ್‌ಗೆ ‘ಪಾಂಡಾಸ್.ಪಿವೈ’ ಎಂದು ಹೆಸರಿಟ್ಟಿದ್ದರೆ ಎರರ್‌ನ ರೂಪ ಬದಲಾಗುತ್ತದೆ: 3.12ರಲ್ಲಾದರೆ ‘ಪಾರ್ಷಿಯಲಿ ಇನಿಷಿಯಲೈಜ್ಡ್ ಮಾಡ್ಯೂಲ್’, ಕೊನೆಯಲ್ಲಿ ‘ಸರ್ಕ್ಯುಲರ್ ಇಂಪೋರ್ಟ್’ ಎಂಬ ಊಹೆ; 3.13ರಲ್ಲಾದರೆ ‘ಕನ್ಸಿಡರ್ ರೀನೇಮಿಂಗ್’ ಎಂಬ ಸಲಹೆ. ಸ್ಕ್ರಿಪ್ಟ್ ಇರುವ ಫೋಲ್ಡರನ್ನು ಪೈಥಾನ್ ಸೈಟ್-ಪ್ಯಾಕೇಜಸ್‌ಗಿಂತ ಮೊದಲೇ ನೋಡುತ್ತದೆ, ಹಾಗಾಗಿ ನಿಮ್ಮ ಫೈಲ್ ತನ್ನನ್ನು ತಾನೇ ಇಂಪೋರ್ಟ್ ಮಾಡಿಕೊಂಡಿರುತ್ತದೆ. ರ‍್ಯಾಂಡಮ್, ಸಿಎಸ್‌ವಿ, ಇಮೇಲ್ ಎಂಬ ಹೆಸರುಗಳೂ ಹೀಗೆಯೇ ಕಾಡುತ್ತವೆ. ಫೈಲ್‌ನ ಹೆಸರು ಬದಲಿಸಿದರೆ ಮುಗಿಯಿತು.

ವೆನ್ವ್ ಮಾಡಿಕೊಂಡ ಮೇಲೆ ಪ್ರಾಜೆಕ್ಟ್ ಫೋಲ್ಡರನ್ನು ಬೇರೆ ಡ್ರೈವ್‌ಗೆ ಸಾಗಿಸಿದರೆ ‘ಫೇಟಲ್ ಎರರ್ ಇನ್ ಲಾಂಚರ್’ ಬರಬಹುದು. ಪಿಪ್.ಇಎಕ್ಸ್‌ಇ ಒಳಗೆ ಹಳೆಯ ವಿಳಾಸವೇ ಅಚ್ಚಾಗಿರುತ್ತದೆ. ರಿಪೇರಿಗೆ ಕೂರುವುದು ದಂಡ. ಸಾಗಿಸುವ ಮುಂಚೆಯೇ, ವೆನ್ವ್ ಒಳಗಿನ ಪೈಥಾನ್‌ನಿಂದ:

.ವೆನ್ವ್\ಸ್ಕ್ರಿಪ್ಟ್ಸ್\ಪೈಥಾನ್ -ಎಮ್ ಪಿಪ್ ಫ್ರೀಜ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ

ಆಮೇಲೆ .ವೆನ್ವ್ ಫೋಲ್ಡರನ್ನು ಅಳಿಸಿ, ಹೊಸ ಜಾಗದಲ್ಲಿ ಮತ್ತೆ ಕಟ್ಟಿ, ಅದರೊಳಗಿನ ಪೈಥಾನ್‌ನಿಂದ ‘-ಎಮ್ ಪಿಪ್ ಇನ್‌ಸ್ಟಾಲ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಕೊಡಿ. ನಿಮ್ಮ ಕೋಡ್ ಫೈಲ್‌ಗಳನ್ನು ಮಾತ್ರ .ವೆನ್ವ್ ಒಳಗೆ ಇಟ್ಟುಕೊಂಡಿರಬೇಡಿ. ಫೋಲ್ಡರ್ ಅಳಿಸಿದರೆ ಅವೂ ಹೋಗುತ್ತವೆ.